ಭಾವನ ಕಾರೂ ಮೂರು ಕರಿ ಪೈಪೂ

ಕಳೆದ ವಾರ ಅಂಗಿಗೆ ಗುಂಡಿ ಹಾಕಿಕೊಳ್ಳೋಣವೆಂದು ಹೆಂಡತಿ ಸುಮಿತ್ರೆಯ ಹೊಲಿಗೆ ಡಬ್ಬಿಗೆ ಕೈಹಾಕಿದೆ. ಸೂಜಿ ಸಿಗಲಿಲ್ಲ, ಬದಲಿಗೆ ಒಂದು ಉಕ್ಕಿನ ಗುಂಡು ಸಿಕ್ಕಿತು. ಸೈಕಲ್ ಚಕ್ರದ ನಡುವೆ ಸಾಲಾಗಿ ಕೂತಿರುತ್ತವಲ್ಲ, ಬಟಾಣಿಗಿಂತ ಸಣ್ಣವು, ಅಂಥದ್ದು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕಿಟಕಿಯಾಚೆ ಎಸೆದು ಸೂಜಿ ಹುಡುಕುತ್ತಿದ್ದರು. ನಾನು ಗುಂಡಿಯಿಲ್ಲದ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಅರ್ಧ ಗಂಟೆ ಸುಮ್ಮನೆ ಕೂತೆ. ಕೊಪ್ಪದಲ್ಲಿ ಆಗ ನಾವಿದ್ದ ಬಾಡಿಗೆ ಮನೆ, ಅದರ ಪಕ್ಕದ ತಗಡಿನ ಶೆಡ್ಡು, ಶೆಡ್ಡಿನೊಳಗೆ ನನ್ನದಲ್ಲದ ಒಂದು ಕಾರು, ಎಲ್ಲ ಒಂದರ ಹಿಂದೊಂದು ಕಣ್ಣೆದುರು ಬಂದವು. ಆಗಿನ ಚಿಂತೆಯೂ ಹಿಂದೆಯೇ ಬಂತು. ಇಷ್ಟು ವರ್ಷವಾದರೂ ಅದು ದಾರಿ ಮರೆತಿಲ್ಲ.

ನಾನು ಚಿಂತೆಯ ಮನುಷ್ಯ. ಕೆಲವರಿಗೆ ಸಕ್ಕರೆ ಕಾಯಿಲೆ ಇದ್ದ ಹಾಗೆ ನನಗೆ ಇದು. ಒಮ್ಮೆ ಕಾಗದವೊಂದನ್ನು ಅಂಚೆ ಡಬ್ಬಿಗೆ ಹಾಕಿದ ಮೇಲೆ ಅಂಚೆಚೀಟಿ ಅಂಟಿಸಿದ್ದೆನೋ ಇಲ್ಲವೋ ಎಂಬ ಅನುಮಾನ ಬಂದು, ಡಬ್ಬಿ ತೆರೆಯುವವರು ಬರುವ ತನಕ ಬಿಸಿಲಲ್ಲಿ ಅಲ್ಲೇ ನಿಂತಿದ್ದೆ. ಅಂಟಿಸಿದ್ದೆ. ಎರಡು ಅಂಟಿಸಿದ್ದೆ.

ಇಂಥವನ ಕೈಗೆ ಭಾವ ತಮ್ಮ ಕಾರು ಕೊಟ್ಟರು. ಭಾವ ಎಂದರೆ ಸುಮಿತ್ರೆಯ ಅಣ್ಣ, ಬ್ಯಾಂಕಿನಲ್ಲಿ ಅಧಿಕಾರಿ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಹಾಗಾಗಿ ಇಬ್ಬರೂ ಮಾತಾಡುವಾಗ ತಪ್ಪು ಯಾರದೆಂದು ಕೇಳುವವರಿಗೆ ಗೊತ್ತಾಗುವುದಿಲ್ಲ. ಅದೊಂದು ಅನುಕೂಲ. ಅವರಿಗೆ ಒಂದು ವರ್ಷದ ಮಟ್ಟಿಗೆ ನಾಗಪುರಕ್ಕೆ ವರ್ಗವಾಯಿತು. ಕಾರು ಹೊಸದು, ಡೀಸೆಲ್ಲಿನದು, ಹಿಂಬದಿಯಲ್ಲಿ ಗಾಳಿಗೆ ವಾಲಿದಂಥ ಅಕ್ಷರದಲ್ಲಿ 'ಟರ್ಬೊ' ಎಂದು ಬರೆದಿತ್ತು. ಶೃಂಗೇರಿಯಲ್ಲಿ ಅವರ ಅಪ್ಪ ಅಮ್ಮನ ಮನೆಯಲ್ಲಿ ಓಡಿಸುವವರಿಲ್ಲ. ನನ್ನ ಹತ್ತಿರ ಲೈಸೆನ್ಸ್ ಇತ್ತು, ಕಾರಿರಲಿಲ್ಲ.

"ವಾರಕ್ಕೊಂದ್ಸಲ ಓಡ್ಸಿ, ಸಾಕು," ಎಂದರು ಭಾವ ಕೀಲಿ ಕೊಡುತ್ತ. ಕೊಟ್ಟ ಮೇಲೂ ಕೀಲಿಯ ಇನ್ನೊಂದು ತುದಿ ಬಿಡಲಿಲ್ಲ. "ಆದ್ರೆ ಭಾವ, ಕೊಟ್ಟ ಹಾಗೇ ವಾಪಸು ಬೇಕು ನಂಗೆ. ಒಳಗೆಲ್ಲ ಕೈ ಹಾಕ್ಬೇಡಿ."

"ಛೆ ಛೆ, ನಾನ್ಯಾಕೆ ಕೈ ಹಾಕ್ಲಿ?"

"ಅಪ್ಪನ ಕೊಡೆಗೂ ಹೀಗೇ ಹೇಳಿದ್ರಿ."

ಅದೊಂದು ಹಳೆಯ ವಿಷಯ. ಮದುವೆಯಾದ ಹೊಸತರಲ್ಲಿ, ಮಾವನವರ ಕೊಡೆ ತೆರೆಯುವುದಿಲ್ಲವೆಂದು ಗೊತ್ತಾಗಿ, ಅಳಿಯನ ಕೈಚಳಕ ತೋರಿಸಲು ಅದರ ಸ್ಪ್ರಿಂಗ್ ಬದಲಿಸಿದೆ. ಕೊಡೆ ಚೆನ್ನಾಗಿ ತೆರೆಯಿತು. ಮುಚ್ಚಲಿಲ್ಲ. ಮಾವನವರು ಅದನ್ನು ಹಿಡಿದುಕೊಂಡೇ ಹರಿಹರಪುರದ ಬಸ್ಸು ಹತ್ತಲು ಹೋಗಿ, ಬಾಗಿಲಲ್ಲಿ ತೂರದೆ, ಕೊನೆಗೆ ತಾವು ಒಳಗೆ ಕೂತು ಕೊಡೆಯನ್ನು ಕಿಟಕಿಯ ಹೊರಗೆ ಹಿಡಿದುಕೊಂಡು ಹೋದರಂತೆ. ಕಂಡಕ್ಟರು ಎರಡು ಟಿಕೆಟ್ ಹರಿಯಲೋ ಎಂದು ಕೇಳಿದನಂತೆ. ಅಂದಿನಿಂದ ಆ ಮನೆಯಲ್ಲಿ ನಾನು ಬಂದರೆ ಸ್ಕ್ರೂಡ್ರೈವರ್ ಎತ್ತಿಡುತ್ತಾರೆ.

ಸತ್ಯ ಹೇಳಬೇಕೆಂದರೆ ಅವರ ಭಯಕ್ಕೆ ಇನ್ನೂ ಹಿಂದಿನ ಆಧಾರವೂ ಇದೆ. ಅದು ಅವರಿಗೆ ಗೊತ್ತಿಲ್ಲ. ನಮ್ಮೂರು ಸೀತೂರಿನಲ್ಲಿ ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಅಲಾರಾಂ ಗಡಿಯಾರ ಬಿಚ್ಚಿದ್ದೆ. ಆಗಲೂ ನಾನು ಚಿಂತೆಯ ಮನುಷ್ಯನೇ, ಅಳತೆ ಮಾತ್ರ ಚಿಕ್ಕದು. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಇಡಬೇಕಲ್ಲ? ಅದಕ್ಕೆ ಕಾಳು ಹಾಕಿ ಆಡುವ ಚೆನ್ನೆಮಣೆ ತಂದುಕೊಂಡೆ. ಹದಿನಾಲ್ಕು ಗುಳಿ. ಮೊದಲು ಬಿಚ್ಚಿದ ಸ್ಕ್ರೂ ಮೊದಲ ಗುಳಿಗೆ, ಆಮೇಲಿನ ಚಕ್ರ ಎರಡನೇ ಗುಳಿಗೆ, ಹೀಗೆ. ಇಷ್ಟು ಒಳ್ಳೆಯ ಉಪಾಯ ಹೊಳೆದಿದ್ದಕ್ಕೆ ನನಗೇ ನನ್ನ ಮೇಲೆ ಗೌರವ ಹುಟ್ಟಿ, ಊಟಕ್ಕೆ ಎದ್ದು ಹೋದೆ. ಬಂದು ನೋಡುತ್ತೇನೆ, ದೊಡ್ಡಮ್ಮ ಮತ್ತು ಅತ್ತೆ ಎದುರು ಬದುರು ಕೂತು ಆಡುತ್ತಿದ್ದಾರೆ! ಗುಳಿಯಲ್ಲಿ ಏನೋ ಕಾಳು ಇದೆಯಲ್ಲ, ಇನ್ನೆಂತಕ್ಕೆ ಬೀಜ ಹುಡುಕುವುದು ಎಂದುಕೊಂಡರಂತೆ. ಒಂದೊಂದು ಗುಳಿಗೆ ಒಂದೊಂದರಂತೆ ಗಡಿಯಾರವನ್ನು ಬಿತ್ತುತ್ತ ಎರಡು ಸುತ್ತು ಮುಗಿಸಿದ್ದರು. ನಾನು ಅಳಲು ಶುರುಮಾಡಿದೆ. "ತಡಿಯೋ ಮಾಣಿ, ಕೂಗ್ಬೇಡ, ಈಗ ದೊಡ್ಡ ಗುಳಿ ನಂಗೇ ಬತ್ತದೆ," ಎಂದರು ದೊಡ್ಡಮ್ಮ. ಬಂತು. ಆ ಆಟ ದೊಡ್ಡಮ್ಮ ಗೆದ್ದರು. ಗಡಿಯಾರ ಮತ್ತೆ ಸೇರಲಿಲ್ಲ.

ಇಷ್ಟೆಲ್ಲ ಅನುಭವವಿದ್ದೂ ನಾನು ಭಾವನ ಕಾರಿಗೆ ಯಾಕೆ ಕೈ ಹಾಕಿಸಿದೆ ಎಂದು ನೀವು ಕೇಳಬಹುದು. ಕಾರಣ ಒಂದು ಚಿತ್ರ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಪರಿಸರ ದಿನಾಚರಣೆಗೆ ಮಕ್ಕಳಿಂದ 'ವಾಯುಮಾಲಿನ್ಯ' ಎಂದು ಚಿತ್ರ ಬರೆಸಿದೆ. ಮುಕ್ಕಾಲು ಪಾಲು ಮಕ್ಕಳು ಕಾರ್ಖಾನೆ ಬರೆದರು. ಕೊಪ್ಪದಲ್ಲಿ ಕಾರ್ಖಾನೆ ಎಲ್ಲಿಂದ ಬರಬೇಕು, ಪುಸ್ತಕ ನೋಡಿ ಬರೆದದ್ದು. ಒಬ್ಬಳು ಮಾತ್ರ ಕಣ್ಣಾರೆ ಕಂಡದ್ದನ್ನು ಬರೆದಿದ್ದಳು. ಏರು ರಸ್ತೆ, ಒಂದು ಬಿಳಿ ಕಾರು, ಹಿಂದೆ ಕರಿಮೋಡದಂಥ ಹೊಗೆ, ಹೊಗೆಯೊಳಗೆ ಕೆಮ್ಮುತ್ತಿರುವ ಒಂದು ದನ. ಕಾರಿಗೆ ನಂಬರ್ ಪ್ಲೇಟೂ ಇತ್ತು. ನಂಬರು ಭಾವನ ಕಾರಿನದು. ಹೆಡ್‌ಮಾಸ್ತರು ಅದಕ್ಕೇ ಮೊದಲ ಬಹುಮಾನ ಕೊಡಬೇಕೆಂದರು. ಬಹುಮಾನ ಕೊಟ್ಟವನು ನಾನೇ.

ಮರುದಿನವೇ ನರಸಿಂಹರಾಜಪುರಕ್ಕೆ ಹೋದೆ, ವರ್ಗೀಸನ ಗ್ಯಾರೇಜಿಗೆ. ವರ್ಗೀಸನ ಅಪ್ಪ ಕೇರಳದಿಂದ ಬಂದು ಇಲ್ಲಿ ರಬ್ಬರ್ ಗಿಡ ನೆಟ್ಟವರು. ಮಗ ರಬ್ಬರ್ ಪೈಪಿಗೆ ಇಳಿದ. ಬಾನೆಟ್ ಎತ್ತಿ ಮೂಗಿನಿಂದಲೇ ಪರೀಕ್ಷೆ ಮಾಡಿದ.

"ಮಾಷೇ, ಇದು ಹೊಗೆ ಕುಡಿಯೋ ಬಂಡಿ."

"ಬಿಡೋದಲ್ವಾ?"

"ಕುಡಿದೂ ಬಿಡೋದು." ಬೆರಳು ತೋರಿಸಿ ಹೇಳಿದ. ಎಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ತಿರುಗಿ ಎಂಜಿನ್ನಿಗೇ ಕುಡಿಸುತ್ತಾರಂತೆ, ಹೊರಗೆ ಹೋಗುವ ವಿಷ ಕಡಿಮೆಯಾಗಲೆಂದು. ಅದಕ್ಕೊಂದು ಪುಟ್ಟ ಬಾಗಿಲು. ಬಾಗಿಲನ್ನು ತೆರೆದು ಮುಚ್ಚಲು ಗಾಳಿ ಎಳೆಯುವ ತೆಳು ಪೈಪು. ಈ ಕಾರಿನಲ್ಲಿ ಬಾಗಿಲು ಮಸಿಗಟ್ಟಿ ತೆರೆದೇ ನಿಂತಿತ್ತು. "ನೀವು ಓಡ್ಸೋದು ಹೇಗೆ, ಸ್ಪೀಡಾ?"

"ಇಲ್ಲಪ್ಪ, ಬಹಳ ನಿಧಾನ."

"ಅದೇ. ನಿಧಾನ ಓಡ್ಸಿ ಓಡ್ಸಿ ಮಸಿ ಹಿಡೀತು."

ಜೀವನದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸವೂ ತಪ್ಪಾಗಿತ್ತು.

ಬಾಗಿಲು ತೊಳೆದು ಹಾಕುತ್ತೇನೆ, ಆದರೆ ಕೆಲವು ತಿಂಗಳು ಅದನ್ನು ನಂಬುವುದು ಬೇಡ, ಪೈಪುಗಳ ದಾರಿ ಬದಲಿಸೋಣ, ಆಮೇಲೆ ಮೊದಲಿನ ಹಾಗೇ ಹಾಕೋಣ ಎಂದ ವರ್ಗೀಸ. 'ಮೊದಲಿನ ಹಾಗೇ' ಎಂಬ ಮಾತಿಗೆ ನಾನು ಜೋತುಬಿದ್ದೆ.

"ಖಂಡಿತ ಮೊದಲಿನ ಹಾಗೇ ಮಾಡ್ಬಹುದಾ?"

"ಮಾಡ್ಬಹುದು."

"ಪೈಪು ಕತ್ತರಿಸ್ಬಾರ್ದು."

"ಇಲ್ಲ."

"ತೂತು ಕೊರೀಬಾರ್ದು. ಗೀರು ಬೀಳ್ಬಾರ್ದು. ಕ್ಲಿಪ್ಪು ಅದೇ ಇರ್ಬೇಕು."

ವರ್ಗೀಸ ಸ್ಪ್ಯಾನರ್ ಕೆಳಗಿಟ್ಟ. "ಮಾಷೇ, ನಾನೀಗ ರಿಪೇರಿ ಮಾಡೋದಾ, ಬಾಡಿಗೆ ಮನೆ ಗೋಡೆಗೆ ಕ್ಯಾಲೆಂಡರ್ ಹಾಕೋದಾ?"

ತೆಳು ಪೈಪುಗಳು ಮೂರು. ಮೂರೂ ಕರಿ, ಮೂರೂ ಒಂದೇ ದಪ್ಪ. ಮೂರೂ ಹೋಗಿ ಸೇರುವುದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪೆಟ್ಟಿಗೆಯ ಮೂರು ಬಾಯಿಗೆ. ಒಂದು ಗಾಳಿ ಎಳೆಯುವ ಪಂಪಿನದು, ಒಂದು ಹೊಗೆ ಬಾಗಿಲಿನದು, ಒಂದು ಎಂಜಿನ್ನಿಗೆ ಗಾಳಿ ಊದಿ ಬಲ ಕೊಡುವ ಟರ್ಬೊದ್ದು. ವರ್ಗೀಸ ಹೊಗೆ ಬಾಗಿಲಿನ ಪೈಪನ್ನು ಕಳಚಿ, ಅದರ ಬಾಯಿಗೆ ಸೈಕಲ್ಲಿನ ಗುಂಡೊಂದನ್ನು ತುರುಕಿದ. ಉಳಿದೆರಡನ್ನು ಬೇರೆ ರೀತಿಯಲ್ಲಿ ಜೋಡಿಸಿದ. ಇದಲ್ಲದೆ ಎಂಜಿನ್ನಿನ ಹೊಟ್ಟೆಯಿಂದ ಎಣ್ಣೆ ಉಸಿರನ್ನು ತಂದು ಟರ್ಬೊ ಕಡೆಗೆ ಹೋಗುವ ಗಾಳಿಕೊಳವೆಗೆ ಬಿಡುವ ದಪ್ಪ ಪೈಪೊಂದಿತ್ತು. ಆ ಎಣ್ಣೆಯನ್ನು ನಡುವೆ ಹಿಡಿದಿಡಲು ಒಂದು ಪಾತ್ರೆ ಬೇಕೆಂದ. ಮನೆಯಿಂದ ಅರ್ಧ ಲೀಟರಿನ ಹಾಲಿನ ಕ್ಯಾನು ತಂದುಕೊಟ್ಟೆ. ಒಳಗೆ ತುಂಬಲು ಪಾತ್ರೆ ತಿಕ್ಕುವ ಸ್ಟೀಲಿನ ನಾರು ಬೇಕೆಂದ. ಅದನ್ನೂ ಕೊಟ್ಟೆ.

"ಇನ್ನು ಸಾರಿನ ಸೌಟು ಕೇಳಿದ್ರೆ ಹೇಳಿ," ಎಂದಳು ಸುಮಿತ್ರೆ. "ಒಟ್ಟಿಗೇ ಅಡಿಗೆಮನೇನೇ ಕಳಿಸ್ತೀನಿ."

ಕಾರು ಹೊಗೆ ನಿಲ್ಲಿಸಿತು. ಅಷ್ಟೇ ಅಲ್ಲ, ಓಡತೊಡಗಿತು! ಕಾಲು ತಾಗಿಸಿದರೆ ಸಾಕು, ಏರಿನಲ್ಲೂ ಬೆನ್ನು ಸೀಟಿಗೆ ಅಂಟುತ್ತಿತ್ತು. ನನಗೆ ಹೊಗೆಯೇ ವಾಸಿ ಅನಿಸಿತು. ಹೊಗೆಯ ಕಾರಣದಿಂದ ಯಾರೂ ಗದ್ದೆಗೆ ಹಾರಿದ್ದು ಕೇಳಿಲ್ಲ.

ಇನ್ನು ನನ್ನ ಮುಖ್ಯ ಚಿಂತೆ: ವರ್ಗೀಸನಿಗೆ ನೆನಪಿದೆ, ಸರಿ. ವರ್ಗೀಸನಿಗೇ ಏನಾದರೂ ಆದರೆ? ಅದಕ್ಕೆ, ಪೈಪು ಬಿಚ್ಚುವ ಮೊದಲೇ ಅವನನ್ನು ತಡೆದು, ನನ್ನ ಎಣ್ಣೆಬಣ್ಣದ ಡಬ್ಬಿ ತೆಗೆದು, ಪಂಪಿನ ಪೈಪಿನ ತುದಿಗೂ ಅದರ ಬಾಯಿಗೂ ಕೆಂಪು ಬೊಟ್ಟು, ಹೊಗೆ ಬಾಗಿಲಿನದಕ್ಕೆ ಹಳದಿ ಬೊಟ್ಟು, ಟರ್ಬೊದ್ದಕ್ಕೆ ಬಿಳಿ ಬೊಟ್ಟು ಇಟ್ಟಿದ್ದೆ. ಕೆಂಪಿಗೆ ಕೆಂಪು, ಹಳದಿಗೆ ಹಳದಿ, ಬಿಳಿಗೆ ಬಿಳಿ. ಇದು ಸಾಲದೆಂದು ನೋಟುಬುಕ್ಕಿನಲ್ಲಿ ಇಡೀ ಎಂಜಿನ್ನಿನ ಚಿತ್ರವನ್ನೂ ಬರೆದುಕೊಂಡೆ. ನಾಲ್ಕು ಗಂಟೆ ಹಿಡಿಯಿತು. ವರ್ಗೀಸ ಅದನ್ನು ನೋಡಿ, "ಸೂಪರ್ ಮಾಷೇ, ಫ್ರೇಮ್ ಹಾಕ್ಸಿ," ಎಂದ. ಅವನು ಹೊಗಳಿದನೆಂದೇ ನಾನು ತಿಳಿದುಕೊಂಡಿದ್ದೆ.

ನವರಾತ್ರಿಗೆ ಶೃಂಗೇರಿಗೆ ಹೋದೆವು. ಆಯುಧಪೂಜೆಯ ದಿನ ಹಬ್ಬಕ್ಕೆ ಬಂದವರ ವಾಹನಗಳೆಲ್ಲ ತೊಳೆದುಕೊಂಡು ಅಂಗಳದಲ್ಲಿ ಸಾಲಾಗಿ ನಿಂತವು. ಪೂಜೆ ಮಾಡುವವರು ಸುಮಿತ್ರೆಯ ಚಿಕ್ಕಪ್ಪ. ವೇದ ಓದಿಕೊಂಡವರು, ಯಾವುದನ್ನೂ ಅರೆಬರೆ ಮಾಡಿ ಗೊತ್ತಿಲ್ಲದವರು. ಬೇರೆ ಕಡೆ ಬಾನೆಟ್ಟಿನ ಮೇಲೆ ಒಂದು ಗಂಧದ ಪಟ್ಟೆ ಎಳೆದು ನಿಂಬೆಹಣ್ಣು ಹಿಸುಕಿದರೆ ಮುಗಿಯಿತು. ಚಿಕ್ಕಪ್ಪ ಬಾನೆಟ್ ಎತ್ತಿಸುತ್ತಾರೆ. ಯಂತ್ರಕ್ಕೆ ಪೂಜೆ ಎಂದ ಮೇಲೆ ಯಂತ್ರ ಕಾಣಬೇಡವೇ ಎಂಬುದು ಅವರ ವಾದ. ನಾನು ಬಾನೆಟ್ ಎತ್ತಿ, ಕಾಫಿ ಕುಡಿದು ಬರುತ್ತೇನೆಂದು ಒಳಗೆ ಹೋದೆ. ಗಡಿಯಾರ ಬಿಚ್ಚಿಟ್ಟು ಊಟಕ್ಕೆ ಹೋದವನು ನಾನೇ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ ನೋಡಿ.

ಹೊರಗೆ ಬಂದಾಗ ಚಿಕ್ಕಪ್ಪ ಕೈ ಒರೆಸಿಕೊಳ್ಳುತ್ತಿದ್ದರು.

"ಯಾರೋ ಅರ್ಧ ಪೂಜೆ ಮಾಡಿ ಬಿಟ್ಟಿದ್ರಲ್ಲ ಮಾರಾಯ," ಎಂದರು ಬೇಸರದಿಂದ. "ಒಂದು ಪೈಪಿಗೆ ಕುಂಕುಮ ಇಟ್ರೆ ಅರಿಶಿನ ಇಲ್ಲ. ಇನ್ನೊಂದಕ್ಕೆ ಅರಿಶಿನ ಉಂಟು, ಕುಂಕುಮ ಇಲ್ಲ. ಮತ್ತೊಂದಕ್ಕೆ ಬರೇ ವಿಭೂತಿ. ಹಾಗೆಲ್ಲ ಬಿಡ್ಬಾರ್ದು. ನಾನು ಎಲ್ಲದಕ್ಕೂ ಎಲ್ಲದನ್ನೂ ಪೂರ್ತಿ ಮಾಡಿದ್ದೇನೆ."

ಬಗ್ಗಿ ನೋಡಿದೆ. ಪೂರ್ತಿ ಮಾಡಿದ್ದರು. ಎಣ್ಣೆಯಲ್ಲಿ ಕಲಸಿದ ಕುಂಕುಮ, ಅರಿಶಿನ, ವಿಭೂತಿ, ಪ್ರತಿ ಪೈಪಿನ ಪ್ರತಿ ತುದಿಗೂ, ಪ್ರತಿ ಬಾಯಿಗೂ, ನನ್ನ ಬೊಟ್ಟುಗಳ ಮೇಲೆಯೇ. ಹಾಲಿನ ಕ್ಯಾನಿಗೆ ಸೇವಂತಿಗೆ ಹಾರ ಬಿದ್ದಿತ್ತು.

"ಇದು ತೀರ್ಥದ ಪಾತ್ರೆಯಾ?" ಎಂದು ಕೇಳಿದರು.

"ಹೌದು," ಎಂದೆ. ಬೇರೆ ಏನು ಹೇಳಲಿ?

ಆಗಲೂ ಏನೂ ಕೆಟ್ಟಿರಲಿಲ್ಲ. ಕೆಡಿಸಿದವನು ನಾನು. ಕೊಪ್ಪಕ್ಕೆ ಬಂದವನೇ, ನನ್ನ ಬೊಟ್ಟುಗಳು ಕೆಳಗೆ ಇವೆಯೋ ಇಲ್ಲವೋ ನೋಡಿಬಿಡೋಣ ಎಂದು ಚಿಂತೆ ಹತ್ತಿತು. ನೀರಿನಲ್ಲಿ ಒರೆಸಿದೆ, ಎಣ್ಣೆ ಕುಂಕುಮ ಇನ್ನಷ್ಟು ಹರಡಿತು. ಬಣ್ಣದ ಮಾಸ್ತರನಿಗೆ ಒರೆಸುವುದು ಹೇಳಿಕೊಡಬೇಕೇ? ಟರ್ಪೆಂಟೈನ್ ತಂದೆ, ಹಳೆಯ ಪಂಚೆ ಹರಿದೆ, ಚೆನ್ನಾಗಿ ಉಜ್ಜಿದೆ. ಕುಂಕುಮ ಹೋಯಿತು. ಅರಿಶಿನ ಹೋಯಿತು. ವಿಭೂತಿ ಹೋಯಿತು. ಎಣ್ಣೆಬಣ್ಣವನ್ನು ತೆಗೆಯುವುದಕ್ಕೇ ಟರ್ಪೆಂಟೈನ್ ಇರುವುದೆಂದು ನನಗೆ ಹೊಳೆದದ್ದು ಪೈಪುಗಳು ಅಂಗಡಿಯಿಂದ ಬಂದ ಹಾಗೆ ಕರ್ರಗೆ ಹೊಳೆಯತೊಡಗಿದ ಮೇಲೆ. ಮೂವತ್ತು ವರ್ಷ ಆ ಸೀಸೆ ಹಿಡಿದಿದ್ದೇನೆ.

ದೀಪಾವಳಿಗೆ ವಾರವಿದೆ ಎನ್ನುವಾಗ ಭಾವನ ಫೋನು. ನಾಗಪುರ ಮುಗಿಯಿತು, ಮಂಗಳೂರಿಗೆ ವರ್ಗ, ದೀಪಾವಳಿಯ ಹಿಂದಿನ ದಿನ ಬರುತ್ತೇನೆ, ಕಾರು ತಯಾರಿರಲಿ. "ಕೊಟ್ಟ ಹಾಗೇ ಇದೆ ತಾನೆ?" ಎಂದು ನಗುತ್ತ ಕೇಳಿದರು. ನಾನೂ ನಕ್ಕೆ. ನನ್ನ ನಗು ಕೇಳಿ ಸುಮಿತ್ರೆ ಒಳಗಿಂದ ಎದ್ದು ಬಂದಳು, ಎದೆನೋವೋ ಎಂದು.

ವರ್ಗೀಸನ ಗ್ಯಾರೇಜಿಗೆ ಹೋದರೆ ಬೀಗ. ಅಕ್ಕನ ಮಗಳ ಮದುವೆಗೆ ಕೇರಳಕ್ಕೆ ಹೋದವನು ದೀಪಾವಳಿ ಕಳೆದ ಮೇಲೆಯೇ ಬರುವುದಂತೆ. ಬೇರೆ ಮೆಕ್ಯಾನಿಕ್ಕಿನ ಹತ್ತಿರ ಹೋಗಬಹುದಿತ್ತು. ಆದರೆ ಕೊಪ್ಪದಲ್ಲಿ ಕಾರು ರಿಪೇರಿಗೆ ನಿಂತದ್ದು ಬೆಳಿಗ್ಗೆ ಕಂಡರೆ, ಸಂಜೆ ಬಸ್ಸಿಗೆ ಶೃಂಗೇರಿಗೆ ಸುದ್ದಿ ಮುಟ್ಟುತ್ತದೆ. ಆಮೇಲೆ ಅಲ್ಲಿ ಕೊಡೆಯ ಪಕ್ಕ ಕಾರೂ ಸೇರುತ್ತದೆ. ಇನ್ನು ಇಪ್ಪತ್ತು ವರ್ಷ ಪ್ರತಿ ಹಬ್ಬದ ಊಟದಲ್ಲೂ ಪಾಯಸದ ಹೊತ್ತಿಗೆ ಸರಿಯಾಗಿ ಆ ಕಥೆ ಬರುತ್ತದೆ. ಸುಮಿತ್ರೆ ತಲೆ ತಗ್ಗಿಸಿ ಬಡಿಸುತ್ತಾಳೆ. ನನ್ನ ಮಾನ ಹೋಗಲಿ, ಅದು ಹೋಗಿ ಬಂದು ಅಭ್ಯಾಸವಿದೆ. ಅವಳು ಕೊಡೆಯ ಕಥೆಗೆ ನಗುವಾಗ ಒಂದು ಕ್ಷಣ ತಡವಾಗಿ ನಗುವುದನ್ನು ನಾನು ಇಷ್ಟು ವರ್ಷ ನೋಡಿದ್ದೇನೆ. ನಾನೇ ಮೊದಲಿನ ಹಾಗೆ ಮಾಡಿಬಿಡುತ್ತೇನೆಂದು ತೀರ್ಮಾನಿಸಿದೆ.

ಹಾಲಿನ ಕ್ಯಾನು ತೆಗೆದು ದಪ್ಪ ಪೈಪನ್ನು ಹಳೆಯ ಜಾಗಕ್ಕೆ ಹಾಕುವುದು ಸುಲಭ. ಅದಕ್ಕೆ ಬೇರೆ ಬಾಯಿಯೇ ಇರಲಿಲ್ಲ. ಗುಂಡನ್ನು ಸೂಜಿಯಿಂದ ಚುಚ್ಚಿ ಹೊರತೆಗೆದೆ. ಮೂರು ತೆಳು ಪೈಪುಗಳನ್ನೂ ಕಳಚಿದೆ. ಆಮೇಲೆ ನೋಟುಬುಕ್ಕು ತೆರೆದೆ.

ಅದ್ಭುತವಾದ ಚಿತ್ರ. ಬೆಳಕು ಎಡಗಡೆಯಿಂದ ಬೀಳುತ್ತಿತ್ತು. ನೆರಳಿನ ಕೆಲಸವಂತೂ ಪರೀಕ್ಷೆಯ ವಸ್ತುಚಿತ್ರಕ್ಕೆ ಮಾದರಿಯಾಗಿ ತೋರಿಸುವಂತಿತ್ತು. ಪೈಪುಗಳು ಬಳ್ಳಿಯ ಹಾಗೆ ಬಳುಕುತ್ತ ಹೋಗಿ, ಆ ಪೆಟ್ಟಿಗೆಯ ಹತ್ತಿರ ಬಂದಾಗ ಸೊಗಸಾದ ಕಡುನೆರಳಿನಲ್ಲಿ ಮರೆಯಾಗಿದ್ದವು. ಅಡಿಯಲ್ಲಿ ನನ್ನದೇ ಅಕ್ಷರ: 'ಕೆಂಪಿಗೆ ಕೆಂಪು, ಹಳದಿಗೆ ಹಳದಿ, ಬಿಳಿಗೆ ಬಿಳಿ. ಮರೆಯಬಾರದು.'

ವರ್ಗೀಸನ ಮೊಬೈಲಿಗೆ ಫೋನು ಮಾಡಿದೆವು. ನಮ್ಮ ಮನೆಯ ಫೋನು ನಡುಮನೆಯ ಗೋಡೆಗೆ, ಕಾರು ಶೆಡ್ಡಿನಲ್ಲಿ. ಸುಮಿತ್ರೆ ಫೋನು ಹಿಡಿದು ಕಿಟಕಿಯಲ್ಲಿ ನಿಂತಳು, ನಾನು ಬಾನೆಟ್ಟಿನೊಳಗೆ ತಲೆ ಹಾಕಿದೆ.

"ಮೇಲಿನ ಬಾಯಿಗೆ ಯಾವ್ದು ಅಂತ ಕೇಳು!"

"ಮೇಲಿನ ಬಾಯಿಗೆ ಯಾವ್ದು ಅಂತೆ ವರ್ಗೀಸಣ್ಣ... ಹಾಂ? ಹಾಂ... ಪಾಯಸ ಆಯ್ತಂತೆ, ಈಗ ಮೊಸರಿಗೆ ಕೂತಿದ್ದಾರಂತೆ!"

"ಪೈಪು ಕೇಳು ಮಾರಾಯ್ತಿ!"

"ಅದಕ್ಕೆ ನೋಡ್ಬೇಕಂತೆ. ಕೈಗೆ ಗೊತ್ತಿದೆಯಂತೆ, ಬಾಯಿಗೆ ಬರೋದಿಲ್ವಂತೆ."

"ಒಂದು ಅಂದಾಜಾದ್ರೂ ಹೇಳ್ಲಿ!"

"ಉದ್ದ ಇರೋದು ದೂರಕ್ಕೆ, ಗಿಡ್ಡ ಇರೋದು ಹತ್ರಕ್ಕೆ ಅಂತೆ."

ಮೂರೂ ಒಂದೇ ಉದ್ದ. ಹೀಗೆಂದು ಹೇಳುವಷ್ಟರಲ್ಲಿ ಆ ಕಡೆ ಬ್ಯಾಂಡು ಶುರುವಾಗಿ ಮಾತು ಮುಳುಗಿತು. ಸುಮಿತ್ರೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಚೆನ್ನಾಗಿ ಬಾರಿಸ್ತಿದ್ದಾರೆ," ಎಂದು ಫೋನಿಟ್ಟಳು. ಗುಂಡು ಎಲ್ಲಾದರೂ ಕಳೆದುಹೋದೀತೆಂದು ನನ್ನ ಕೈಯಿಂದ ತೆಗೆದುಕೊಂಡು ಒಳಗಿಟ್ಟಳು.

ಮೂರು ಪೈಪು, ಮೂರು ಬಾಯಿ, ಜೋಡಿಸಲು ಆರು ರೀತಿ. ಆರನ್ನೂ ಮಾಡಿ ನೋಡಿದೆ. ತಪ್ಪಾದರೆ ಕಾರು ಚಾಲೂ ಆಗುವುದಿಲ್ಲ, ಆಗ ಗೊತ್ತಾಗುತ್ತದೆ ಎಂಬುದು ನನ್ನ ಲೆಕ್ಕ. ಆರೂ ರೀತಿಯಲ್ಲಿ ಚಾಲೂ ಆಯಿತು. ಇದಕ್ಕಿಂತ ಭಯಂಕರವಾದದ್ದು ಇನ್ನೇನಿದೆ? ರಸ್ತೆಗೆ ಇಳಿಸಿಯೇ ನೋಡಬೇಕೆಂದು, ಕೊನೆಗೆ ಜೋಡಿಸಿದ್ದ ರೀತಿಯಲ್ಲೇ ಕಾರನ್ನು ಹರಿಹರಪುರದ ರಸ್ತೆಗೆ ತೆಗೆದುಕೊಂಡು ಹೋದೆ. ಸಪಾಟಿನಲ್ಲಿ ಸರಿ ಇತ್ತು. ಏರಿನಲ್ಲಿ ಅದರ ಜೀವವೇ ಹೋಯಿತು. ಕಾಲನ್ನು ನೆಲದ ತನಕ ಒತ್ತಿದರೂ ಅಜ್ಜಂದಿರು ಮೆಟ್ಟಿಲು ಹತ್ತುವ ಹಾಗೆ ಹತ್ತುತ್ತಿತ್ತು. ಪಕ್ಕದಲ್ಲಿ ಒಬ್ಬರು ತಲೆಯ ಮೇಲೆ ಬಾಳೆಗೊನೆ ಹೊತ್ತು ನಡೆಯುತ್ತಿದ್ದರು. ಏರು ಮುಗಿಯುವ ತನಕ ಅವರು ನನ್ನ ಕಿಟಕಿಯ ಪಕ್ಕವೇ ಇದ್ದರು.

"ಕೊಪ್ಪದ ಮೇಷ್ಟ್ರಲ್ವಾ?"

"ಹೌದು. ಗೊನೆ ಭಾರವಾ? ಬೇಕಿದ್ರೆ ಹತ್ತಿ."

"ಬ್ಯಾಡಿ, ಸ್ವಲ್ಪ ಅವಸರ ಇತ್ತು," ಎಂದು ಮುಂದೆ ಹೋದರು.

ಒಂದು ರೀತಿ ತಪ್ಪೆಂದು ಗೊತ್ತಾಯಿತು. ಇನ್ನು ಐದು. ಭಾವ ಬರಲು ಮೂರು ದಿನ. ದಿನಕ್ಕೆರಡು ನೋಡಿದರೆ ಆಗಿಹೋಗುತ್ತದೆ ಎಂದು ಹಿಂದಿರುಗಿದೆ. ಮನೆಯ ಜಗಲಿಯ ಮೇಲೆ ಭಾವ ಕೂತು ಕಾಫಿ ಕುಡಿಯುತ್ತಿದ್ದರು.

"ರಜೆ ಬೇಗ ಸಿಕ್ತು," ಎಂದು ಎದ್ದು ಬಂದವರೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಬನ್ನಿ ಭಾವ, ಒಂದು ಸುತ್ತು ಹೋಗಿ ಬರುವ."

ಸುಮಿತ್ರೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನಾನು ಮುಖವನ್ನು ಕಾರಿನೊಳಗೆ ಹಾಕಿದೆ.

ಭಾವ ಕಾರು ಓಡಿಸುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬೆನ್ನು ನೆಟ್ಟಗೆ, ಎರಡೂ ಕೈಯಿಂದ ಸ್ಟೇರಿಂಗನ್ನು ಆರತಿ ತಟ್ಟೆಯ ಹಾಗೆ ಹಿಡಿದುಕೊಂಡು ಓಡಿಸಿದರು. ಮೂರನೇ ಗೇರಿನ ಆಚೆಗೆ ಹೋಗಲಿಲ್ಲ. ಎದುರಿಗೆ ಏರು ಬಂತು. ನಾನು ಕಣ್ಣು ಮುಚ್ಚಿದೆ. ಎಂಜಿನ್ನು ನರಳುವುದು ಕೇಳಿಸಿತು. ಹಿಂದಿನಿಂದ ಒಂದು ಸೈಕಲ್ಲಿನ ಬೆಲ್ಲೂ ಕೇಳಿಸಿತು. ಏರು ಮುಗಿಯಿತು.

"ಆಹಾ!" ಎಂದರು ಭಾವ. "ಏನೂ ಬದಲಾಗಿಲ್ಲ ನೋಡಿ. ನಾನು ಬಿಟ್ಟುಹೋದಾಗ ಹ್ಯಾಗಿತ್ತೋ ಹಾಗೇ ಇದೆ. ಸುಳ್ಳಲ್ಲ ಭಾವ, ನಂಗೆ ಅನುಮಾನ ಇತ್ತು. ಮನೆಯಲ್ಲಿ ಎಲ್ಲರಿಗೂ ಹೇಳ್ತೇನೆ."

ಅಷ್ಟಕ್ಕೇ ನಾನು ಸುಮ್ಮನಿರಬಹುದಿತ್ತು. ಆ ಮನೆಯಿಂದ ನನಗೆ ಬಂದ ಮೊದಲ ಸರ್ಟಿಫಿಕೇಟ್ ಅದು. ಕೊಡೆ ಮಡಚಿಕೊಂಡ ಹಾಗಾಯಿತು ಎದೆಯಲ್ಲಿ. ಆದರೆ ಭಾವ ಮಾತು ಮುಂದುವರಿಸಿದರು: "ಇನ್ನು ಮಂಗಳೂರಿಂದ ವಾರಕ್ಕೊಂದ್ಸಲ ಘಾಟಿ ಹತ್ತಿ ಬರೋದೇ. ಅಪ್ಪ ಅಮ್ಮನ್ನೂ ಕರ್ಕೊಂಡು ಹೋಗಿ ಬರ್ಬಹುದು."

ಘಾಟಿ. ಹಿಂದಿನ ಸೀಟಿನಲ್ಲಿ ಅತ್ತೆ ಮಾವ. ಎಷ್ಟನೆಯದೋ ತಿರುವಿನಲ್ಲಿ ಕಾರು ನಿಂತಿದೆ, ಹಿಂದೆ ಲಾರಿ. ಇದಿಷ್ಟೂ ನನಗೆ ನೆರಳು ಬೆಳಕಿನ ಸಮೇತ ಕಂಡಿತು.

"ಭಾವ, ಸ್ವಲ್ಪ ನಿಲ್ಸಿ," ಎಂದೆ.

ಹೇಳತೊಡಗಿದೆ. ಪೈಪಿನಿಂದಲೇ ಶುರುಮಾಡಬೇಕಿತ್ತು, ನಾನು ಅಲಾರಾಂ ಗಡಿಯಾರದಿಂದ ಶುರುಮಾಡಿದೆ. ಚೆನ್ನೆಮಣೆ, ದೊಡ್ಡಮ್ಮ, ಬಹುಮಾನ ಬಂದ ಚಿತ್ರ, ಹಾಲಿನ ಕ್ಯಾನು, ಚಿಕ್ಕಪ್ಪನ ವಿಭೂತಿ, ಟರ್ಪೆಂಟೈನ್, ಬ್ಯಾಂಡು, ಬಾಳೆಗೊನೆ, ಒಂದನ್ನೂ ಬಿಡಲಿಲ್ಲ. ಭಾವ ಎಂಜಿನ್ ಆರಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಎಲ್ಲವನ್ನೂ ಕೇಳಿದರು.

"ಕಾರು ಹತ್ತೋದಿಲ್ಲ ಅಂತ ನಾನು ಹೇಳಿದ್ನಾ?"

"ಇಲ್ಲ."

"ನಂಗೆ ಗೊತ್ತಾಗ್ತಿತ್ತಾ?"

"ಬಹುಶಃ ಇಲ್ಲ."

"ಮತ್ತೆ ಎಂತಕ್ಕೆ ಹೇಳಿದ್ರಿ ಮಾರಾಯ್ರೆ?"

"ಹೇಳದಿದ್ರೆ ಊಟ ಸೇರೋದಿಲ್ಲ," ಎಂದೆ.

ಭಾವ ಕೀಲಿ ಎಳೆದು ನನ್ನ ಕೈಗಿಟ್ಟರು. ಈ ಸಲ ಇನ್ನೊಂದು ತುದಿಯನ್ನೂ ಬಿಟ್ಟರು.

"ನನ್ನ ಹೆಂಡ್ತಿ ಮೊದಲೇ ಹೇಳ್ತಿದ್ದಳು, ಮಂಗಳೂರಿನ ಉಪ್ಪುಗಾಳಿಗೆ ಕಾರು ತುಕ್ಕು ಹಿಡೀತದೆ, ಎಲ್ಲಾದ್ರೂ ಬಿಟ್ಟು ಬನ್ನಿ ಅಂತ. ಯಾರ ಹತ್ರ ಬಿಡೋದು ಅಂತ ನಂಗೆ ಚಿಂತೆ ಇತ್ತು. ಬೇರೆಯವರಾದ್ರೆ ಎಲ್ಲಾ ಸರಿ ಇದೆ ಅಂತಾರೆ. ನೀವು ಸರಿ ಇದ್ರೂ ಇಲ್ಲ ಅನ್ನೋರು. ನೀವೇ ಇಟ್ಕೊಳ್ಳಿ ಭಾವ, ಇನ್ನೆರಡು ವರ್ಷ."

ಎರಡು ವರ್ಷ! ನಾನು ತಪ್ಪೊಪ್ಪಿಕೊಂಡದ್ದು ಈ ಕಾರಿನಿಂದ ಬಿಡುಗಡೆಯಾಗಲೆಂದು ಅಲ್ಲವೇ?

"ಒಂದೇ ಷರತ್ತು," ಎಂದರು ಭಾವ ಕಾರಿನಿಂದ ಇಳಿಯುತ್ತ. "ಅದೆಂತದೋ ಟರ್ಬೊ ಅಂದ್ರಲ್ಲ, ಅದನ್ನ ತೋರ್ಸಿ. ನಾನು ಹಿಂದೆ ಬರೆದಿದ್ದು ನೋಡಿ ಅದು ಕಾರಿನ ಹೆಸರು ಅಂದ್ಕೊಂಡಿದ್ದೆ."

ಬಾನೆಟ್ ಎತ್ತಿದೆ. ಇಬ್ಬರೂ ಬಗ್ಗಿದೆವು. ಅದು ಶಂಖದ ಆಕಾರದಲ್ಲಿರುತ್ತದೆ ಎಂದು ವರ್ಗೀಸ ಯಾವಾಗಲೋ ಹೇಳಿದ್ದ. ಹುಡುಕಿದೆ. ಮುಂಭಾಗದಲ್ಲಿ, ಅಚ್ಚುಕಟ್ಟಾಗಿ, ಕರ್ರಗೆ, ಶಂಖದ ಹಾಗೆ ಸುರುಳಿ ಸುತ್ತಿಕೊಂಡ ಒಂದು ವಸ್ತು ಕೂತಿತ್ತು.

"ಇದೇ," ಎಂದೆ ಮಾಸ್ತರನ ಧ್ವನಿಯಲ್ಲಿ.

"ಇಷ್ಟೇ ಇಷ್ಟಾ!" ಎಂದು ಭಾವ ಅದನ್ನು ಬೆರಳಿನಿಂದ ಮುಟ್ಟಿದರು, ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. "ಇದು ಮಾತ್ರ ಜೋಪಾನ ಭಾವ. ಇದಕ್ಕೊಂದು ಏನೂ ಆಗ್ಬಾರ್ದು."

ಮಾತು ಕೊಟ್ಟೆ.

ಹಬ್ಬ ಕಳೆದು ವರ್ಗೀಸ ಬಂದ. ನನ್ನೊಡನೆ ಮದುವೆಯ ಮೀನುಸಾರಿನ ವರ್ಣನೆ ಮಾಡುತ್ತ, ಪೈಪುಗಳ ಕಡೆ ನೋಡದೆಯೇ, ಮೂರನ್ನೂ ಕಿತ್ತು ಮೂರನ್ನೂ ಹಾಕಿದ. ಸಾರು ಕುದಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ನಾನು ಮೆಲ್ಲಗೆ, "ಟರ್ಬೊ ಹೇಗಿದೆ ನೋಡಪ್ಪ, ಭಾವ ಅದೊಂದನ್ನ ವಿಶೇಷವಾಗಿ ಹೇಳಿ ಹೋಗಿದ್ದಾರೆ," ಎಂದು ಬೆರಳು ತೋರಿಸಿದೆ.

ವರ್ಗೀಸ ನನ್ನ ಬೆರಳು ನೋಡಿದ, ಮುಖ ನೋಡಿದ, ಕೈ ಒರೆಸಿಕೊಂಡ.

"ಒಳಗೆ ಕೂತು ಸ್ಟೇರಿಂಗಿನ ಮಧ್ಯ ಒತ್ತಿ ಮಾಷೇ."

ಒತ್ತಿದೆ. ನಾನು ತೋರಿಸಿದ ಶಂಖವೇ ಪೋಂ ಎಂದಿತು. ಇಡೀ ಕಾರಿನಲ್ಲಿ ಅದೊಂದು ಮಾತ್ರ ಭಾವ ಕೊಟ್ಟ ಹಾಗೇ ಇತ್ತು.